ಬಾಗಿಲ ಪುಸ್ತಕವನ್ನು ಬಲದಿಂದ ಓದಿದ ದಿನ

ಗಾಳಿ ಶಕೆ ೧೯೪, ಒಂಬತ್ತನೇ ಜಾಲರಿಯ ಹದಿಮೂರನೇ ದಿನ
(ನಿಮ್ಮ ಕ್ಯಾಲೆಂಡರಿನಲ್ಲಿ ಕ್ರಿ.ಶ. ೨೩೧೬ ಇರಬೇಕು. ಒಂದೆರಡು ವರ್ಷ ಆಚೀಚೆ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.)

ಬಯಲಿನಲ್ಲಿ ಉಸಿರಾಡುತ್ತಿರುವ ಹಿರಿಯರಿಗೆ,

ರಾಯಚೂರು ಸೀಮೆಯ ಹಳೆಯ ಚಿನ್ನದ ಗಣಿಯೊಂದರ ಆರನೇ ಅಂತಸ್ತಿನಿಂದ ಹುಲಿಗೆಮ್ಮ ಮಾಡುವ ನಮಸ್ಕಾರಗಳು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಮಾತುಗಳೂ ನಮಗೆ ಹಾಗೇ ಕೇಳಿಸುತ್ತವೆ. ನಿಮ್ಮ ಕಾಲದವರು ಯಾರೋ 'ಸುಮ್ಮನೆ ಗಾಳಿಗೆ ಕೂತಿದ್ದೆವು' ಎಂದು ಬರೆದದ್ದನ್ನು ಓದಿ ನಾನು ಮೂರು ದಿನ ತಲೆ ಕೆಡಿಸಿಕೊಂಡಿದ್ದೆ. ಜಾಲರಿ ಎಂದರೆ ಗಾಳಿ ಸೋಸುವ ಜಾಲರಿ. ವರ್ಷಕ್ಕೆ ಹನ್ನೆರಡು ಬಾರಿ ಬದಲಿಸುತ್ತೇವೆ, ಅದೇ ನಮ್ಮ ತಿಂಗಳು. ಈ ಕಾಗದ ನಿಮಗೆ ಹೇಗೆ ತಲುಪುತ್ತದೋ ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಒಬ್ಬರಿಗೆ ಒಂದು ಮಾತು ಹೇಳಲೇಬೇಕಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಮೇಲಿನ ಬಿಸಿಲಲ್ಲಿ ಮನುಷ್ಯ ಒಂದು ಗಂಟೆ ಬಾಳುವುದಿಲ್ಲ. ಏಳು ತಲೆಮಾರಿನಿಂದ ನಾವು ಗಣಿಯೊಳಗೇ ಇದ್ದೇವೆ. ದೀಪದ ಬೆಳಕಿಗೆ ಜೋಳ ಬೆಳೆದು ರೊಟ್ಟಿ ತಟ್ಟುತ್ತೇವೆ, ತಟ್ಟುವಾಗ ಮಾತಾಡುವುದಿಲ್ಲ. ಎಲ್ಲರ ಮುಂಗೈಯಲ್ಲೂ ಉಸಿರುಪಟ್ಟಿ ಇರುತ್ತದೆ. ಪಾಲಿಗಿಂತ ಹೆಚ್ಚು ಉಸಿರೆಳೆದರೆ ಅದು ಕೆಂಪಗಾಗುತ್ತದೆ. ಮದುವೆಯಲ್ಲಿ ಒಬ್ಬರೇ ಹಾಡಬೇಕು, ಉಳಿದವರು ತಲೆದೂಗಬೇಕು. ಸಾವಾದ ಮನೆಯವರಿಗೆ ಅಳುವ ಸರದಿ ಎಂಬುದಿದೆ. ದೊಡ್ಡ ಫ್ಯಾನಿನ ಪಕ್ಕದ ಕೋಣೆಯಲ್ಲಿ ಒಬ್ಬೊಬ್ಬರಾಗಿ, ತಲೆಗೆ ಕಾಲು ಗಂಟೆಯಂತೆ ಅತ್ತು ಬರಬೇಕು. ನನ್ನವ್ವ ತೀರಿಕೊಂಡಾಗ ನನ್ನ ಸರದಿ ಬಂದದ್ದು ನಾಲ್ಕನೇ ದಿನ. ಅಷ್ಟರಲ್ಲಿ ಅಳು ಗಂಟಲಲ್ಲೇ ಒಣಗಿತ್ತು. ಕೋಣೆಗೆ ಹೋಗಿ ಕಾಲು ಗಂಟೆ ಗೋಡೆ ನೋಡಿ ಬಂದೆ.

ನನ್ನ ಕಸುಬು ಓದುಗಿತ್ತಿಯದು. ಗಾಳಿ ಉಳಿಸಲು ಯಾವುದಾದರೂ ಅಂತಸ್ತಿನ ಕಬ್ಬಿಣದ ಬಾಗಿಲು ಮುಚ್ಚುವ ಮೊದಲು ಜನರನ್ನು ಬಾಗಿಲ ಮುಂದೆ ಕೂರಿಸಿ ಪುಸ್ತಕ ಓದಿ ಹೇಳುವುದು ನಮ್ಮ ಪದ್ಧತಿ, ಅವರ ಉಸಿರು ತಣ್ಣಗಾಗಲಿ ಎಂದು. ಗಾಳಿ ಸಮಿತಿ ಒಪ್ಪಿದ ಪುಸ್ತಕಗಳನ್ನಷ್ಟೇ ಓದಬೇಕು. ದುಃಖದಲ್ಲಿ ಮುಗಿಯುವ ಪುಸ್ತಕಗಳನ್ನೆಲ್ಲ ಎಂದೋ ಅರೆದು ಜಾಲರಿಗೆ ಮೆತ್ತೆ ಮಾಡಿಬಿಟ್ಟಿದ್ದಾರೆ. ಉಳಿದವುಗಳಲ್ಲಿ ಎಲ್ಲರ ಅಚ್ಚುಮೆಚ್ಚು ಬಾಗಿಲ ಪುಸ್ತಕ. ಅದು ಜಪಾನಿನ ಚಿತ್ರಕಥೆ, ನೀವು ಮಾಂಗಾ ಅನ್ನುತ್ತಿದ್ದಿರಂತೆ. ಆ ಲಿಪಿ ಬಲ್ಲವರು ಇಲ್ಲಿ ಯಾರೂ ಇಲ್ಲದ್ದರಿಂದ ಓದುಗಿತ್ತಿಯರು ಚಿತ್ರ ನೋಡಿ ತಮ್ಮದೇ ಮಾತು ಸೇರಿಸುತ್ತಾ ಬಂದಿದ್ದೇವೆ. ಅದರ ಹುಡುಗಿಗೆ ನಾವಿಟ್ಟ ಹೆಸರು ಚಿನ್ನಮ್ಮ. ಕಥೆ ಪೂರ್ತಿ ಕಪ್ಪಾದ ಪುಟದಿಂದ ಶುರುವಾಗುತ್ತದೆ. ನೆಲದೊಳಗೊಂದು ಹಾಳೂರು, ಮುಚ್ಚಿದ ಬಾಗಿಲು. ಬಾಗಿಲು ತೆರೆಯುತ್ತದೆ, ಜನ ಹೊರಗೆ ಬರುತ್ತಾರೆ, ಊರು ತುಂಬುತ್ತದೆ. ಕೊನೆಯ ಪುಟದಲ್ಲಿ ತಾಯಿ ಜಡೆ ಹೆಣೆಯುತ್ತಿದ್ದಾಳೆ, ಚಿನ್ನಮ್ಮ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಾಳೆ.

ಆರು ವರ್ಷದ ಹಿಂದೆ ಆ ಪುಟಗಳಿಗೆ ಅಂಟು ಹಾಕುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಕಥೆ ಮುಂದೆ ಹೋದಂತೆ ಚಿನ್ನಮ್ಮನ ಕೈಯಲ್ಲಿದ್ದ ಮೇಣದ ಬತ್ತಿ ಉದ್ದವಾಗುತ್ತಿತ್ತು. ಹಿಂದಿನ ಓದುಗಿತ್ತಿಯರು ಅದಕ್ಕೆ 'ಪವಾಡದ ಊರು' ಎಂದು ತೇಪೆ ಹಾಕಿದ್ದರು. ನನ್ನದು ಹಾಳು ಅನುಮಾನದ ಬುದ್ಧಿ. ಪುಸ್ತಕವನ್ನು ಇನ್ನೊಂದು ತುದಿಯಿಂದ ತೆರೆದೆ, ಚಿತ್ರಗಳನ್ನು ಬಲದಿಂದ ಎಡಕ್ಕೆ ನೋಡುತ್ತಾ ಹೋದೆ. ಆ ಪುಸ್ತಕವನ್ನು ಬರೆದದ್ದೇ ಬಲದಿಂದ ಎಡಕ್ಕೆ. ನಗುವೇ ಮೊದಲು, ಕಪ್ಪು ಪುಟವೇ ಕೊನೆ. ಗಾಳಿ ಸಾಲದೆ ಆ ಊರ ಹಿರಿಯರು ಬಾಗಿಲು ಮುಚ್ಚುತ್ತಾರೆ, ಚಿನ್ನಮ್ಮ ಒಳಗೆ ಉಳಿಯುತ್ತಾಳೆ. ಯಂತ್ರ ರಿಪೇರಿ ಬಲ್ಲವರೂ ಒಳಗೇ ಉಳಿದುಬಿಡುತ್ತಾರೆ. ಹೊರಗಿದ್ದವರು ಅವಳಿಗಿಂತ ಒಂಬತ್ತು ಪುಟ ಹೆಚ್ಚು ಬದುಕುತ್ತಾರೆ, ಅಷ್ಟೇ.

ಆ ಚಿತ್ರಗಾರ ಯಾರೋ, ಪುಣ್ಯಾತ್ಮ, ಯಾರನ್ನೂ ರಾಕ್ಷಸರನ್ನಾಗಿ ಬರೆದಿರಲಿಲ್ಲ. ಬಾಗಿಲು ತಳ್ಳುವ ಮುದುಕನ ಬೆರಳುಗಳಿಗೇ ಒಂದಿಡೀ ಪುಟ ಕೊಟ್ಟಿದ್ದ. ನೂರು ಸಲ ಕಂಡಿದ್ದ ಚಿನ್ನಮ್ಮನ ನಗುವನ್ನು, ಅವಳಿಗೆ ಏನಾಗಲಿದೆಯೆಂದು ತಿಳಿದ ಮೇಲೆ ಮತ್ತೆ ನೋಡಿದೆ. ಆ ಜಡೆಯ ಒಂದೊಂದು ಕೂದಲೂ ಬೆಲೆಯುಳ್ಳದ್ದು ಅನ್ನಿಸಿತು. ಉಸಿರುಪಟ್ಟಿಗೆ ಬಟ್ಟೆ ಸುತ್ತಿಕೊಂಡು, ಅಂದು ನನ್ನವ್ವನಿಗಾಗಿ ಅತ್ತುಬಿಟ್ಟೆ. ಇಷ್ಟು ಕತ್ತಲೆಯ ಕಥೆಯೊಂದು ನನ್ನನ್ನು ಹಗುರ ಮಾಡುತ್ತದೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಆದರೆ ಬಾಯಿ ಬಿಡಲಿಲ್ಲ. ಮಕ್ಕಳ ಸಮಾಧಾನ ಕೆಡಬಾರದು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಪುಸ್ತಕವನ್ನು ಅರೆದುಬಿಡುತ್ತಾರೆಂಬ ಭಯ. ಆರು ವರ್ಷ ಗೊತ್ತಿದ್ದೂ ಉಲ್ಟಾ ಓದಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಹೋದ ಜಾಲರಿಯಲ್ಲಿ ಒಂಬತ್ತನೇ ಅಂತಸ್ತಿನ ಫ್ಯಾನು ನಿಂತಿತು. ನಲವತ್ತೊಂದು ಜನ ರಿಪೇರಿಗೆ ಇಳಿದರು. ನನ್ನ ತಂಗಿ ದ್ಯಾಮಮ್ಮ ಅವರ ಮುಂದಾಳು. ಎಲ್ಲರಿಗೂ ಸೇರಿ ಮೂವತ್ತು ಗಂಟೆಯ ಗಾಳಿ ಉಳಿದಿತ್ತು. ಎಂಟನೇ ಅಂತಸ್ತಿನ ಬಾಗಿಲು ಮುಚ್ಚಿ ಕೆಳಗಿನ ಕೆಟ್ಟ ಗಾಳಿ ಮೇಲೇರದಂತೆ ತಡೆದರೆ ಮೇಲಿನವರಿಗೆ ಎಪ್ಪತ್ತು ಗಂಟೆ, ಕೆಳಗಿನವರಿಗೆ ಆರು. ಸಮಿತಿಯ ಹಿರಿಯರಾದ ಶರಭಯ್ಯನವರು ಬಾಗಿಲ ಪುಸ್ತಕವನ್ನು ತಾವೇ ತಂದು ನನ್ನ ತೊಡೆಯ ಮೇಲಿಟ್ಟರು.

"ಹೆದರಬ್ಯಾಡ ಯಕ್ಕ. ಇದರಾಗೂ ಮೊದ್ಲು ಬಾಗಿಲ ಮುಚ್ಚೇ ಇರತೈತಿ. ಆಮ್ಯಾಲೆ ಎಲ್ಲಾರೂ ಹೊರಗ ಬರತಾರ. ನೀನಾ ಓದಿ ಹೇಳೀಯಲ್ಲ?"

ಅವರು ಕಟುಕರಲ್ಲ. ಅವರ ಸ್ವಂತ ಅಳಿಯನೂ ಕೆಳಗಿದ್ದ. ಆರು ಗಂಟೆಯ ಲೆಕ್ಕ ಗೊತ್ತಿದ್ದೂ, ಚಿಕ್ಕಂದಿನಿಂದ ಕೇಳಿದ ಕಥೆಯನ್ನು ಮನಸಾರೆ ನಂಬಿದ್ದರು. ಆ ನಂಬಿಕೆಗೆ ನೀರೆರೆದವಳು ನಾನೇ.

ಎಂಟನೇ ಅಂತಸ್ತಿನ ಬಾಗಿಲ ಮುಂದೆ ಮುನ್ನೂರು ಜನ ಕೂತಿದ್ದರು. ನಾನು ಪುಸ್ತಕವನ್ನು ಬಲದಿಂದ ತೆರೆದೆ. ಮೊದಲ ಚಿತ್ರದಲ್ಲೇ ಚಿನ್ನಮ್ಮ ನಕ್ಕಾಗ ಜನ ಗೊಂದಲಕ್ಕೆ ಬಿದ್ದರು.

"ತಿರುವಿ ಹಿಡಿದೀಯಲ್ಲ ಯಕ್ಕ!" ಎಂದರು ಶರಭಯ್ಯ.

"ಇಲ್ರಿ ಶರಭಯ್ಯನೋರೆ, ಇಷ್ಟು ದಿನ ತಿರುವಿ ಹಿಡಿದಿದ್ವಿ. ಬತ್ತಿ ನೋಡ್ರಿ," ಎಂದೆ.

ಅವರು ಬಗ್ಗಿ ನೋಡಿದರು. ಪುಟ ಹಿಂದೆ ಮುಂದೆ ಮಾಡಿದರು. ಆಮೇಲೆ ನೆಲಕ್ಕೆ ಕೂತರು. ನಾನು ಓದುತ್ತಾ ಹೋದೆ. ಬಾಗಿಲು ಮುಚ್ಚುವ ಪುಟ ಬಂದಾಗ ಮೊದಲ ಉಸಿರುಪಟ್ಟಿ ಕೆಂಪಗಾಯಿತು. ಕಪ್ಪು ಪುಟಕ್ಕೆ ಬರುವಷ್ಟರಲ್ಲಿ ಮುನ್ನೂರೂ ಕೆಂಪಗಾಗಿದ್ದವು. ಸರದಿ ಇಲ್ಲ, ಕೋಣೆ ಇಲ್ಲ, ಜನ ಒಟ್ಟಿಗೆ ಕೂತು ಅಳುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆ ಅಳು ಎರಡು ಗಂಟೆಯ ಗಾಳಿ ತಿಂದುಹಾಕಿತು. ಇನ್ನು ನನ್ನನ್ನು ಬಿಡುವುದಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಪೊಂಪವ್ವ ಎಂಬ ಅಜ್ಜಿ ಗೋಡೆ ಹಿಡಿದು ಎದ್ದಳು. ಅಡುಗೆಮನೆಯಲ್ಲಿ ಜೋಳ ಬೀಸುವವಳು, ಎಂದೂ ಒಂದು ಮಾತು ಹೆಚ್ಚು ಆಡಿದವಳಲ್ಲ. ಹೋಗಿ ಬಾಗಿಲ ಹೊಸ್ತಿಲ ಮೇಲೆ ಕೂತಳು.

"ಈಗ ಮುಚ್ಚರಿ ನೋಡೋಣ," ಎಂದಳು.

ಅವಳ ಪಕ್ಕ ಇನ್ನೊಬ್ಬರು ಕೂತರು, ಅವರ ಪಕ್ಕ ಮತ್ತೊಬ್ಬರು. ಶರಭಯ್ಯನವರೂ ಹೋಗಿ ಕೂತರು. ಬಾಗಿಲು ಮುಚ್ಚಲಿಲ್ಲ.

ಆಮೇಲಿನ ಗಂಟೆಗಳನ್ನು ವಿವರಿಸಲು ನನಗೆ ಶಕ್ತಿಯಿಲ್ಲ. ಇಪ್ಪತ್ತನೇ ಗಂಟೆಗೆ ದೀಪಗಳು ಮಂಕಾಗಿ ಕಂಡವು. ದೀಪಗಳಿಗೆ ಏನೂ ಆಗಿರಲಿಲ್ಲ, ನಮ್ಮ ಕಣ್ಣುಗಳು ಹಾಗಾಗಿದ್ದವು. ಇಪ್ಪತ್ತೇಳನೇ ಗಂಟೆಗೆ ಫ್ಯಾನು ತಿರುಗಿತು. ಅದಕ್ಕೆ ಮೊದಲೇ ಮೇಲಿದ್ದವರಲ್ಲಿ ಇಬ್ಬರು ತೀರಿಕೊಂಡಿದ್ದರು, ಅವರಲ್ಲಿ ಪೊಂಪವ್ವ ಒಬ್ಬಳು. ಇದನ್ನು ನಿಮ್ಮಿಂದ ಮುಚ್ಚಿಡಬಾರದು. ಒಂದು ಕಥೆಯನ್ನು ಅರ್ಧ ಮುಚ್ಚಿಟ್ಟು ನಾನು ಮಾಡಿದ್ದು ಸಾಕು. ಮೈಯೆಲ್ಲ ಗ್ರೀಸು ಮೆತ್ತಿಕೊಂಡು ದ್ಯಾಮಮ್ಮ ಮೇಲೆ ಬಂದವಳೇ ನಮ್ಮೆಲ್ಲರ ಮುಖ ನೋಡಿದಳು.

"ಯಾಕ ಎಲ್ಲಾರ ಕಣ್ಣೂ ಹಿಂಗ ಊದ್ಯಾವು? ಯಾರಿಗೆ ಅತ್ತೀರಿ?"

ಅವಳನ್ನು ತಬ್ಬಿಕೊಂಡೆ.

ಇನ್ನು ನನ್ನ ಕೋರಿಕೆ. ನಿಮ್ಮ ಕಾಲದಲ್ಲಿ, ಎಲ್ಲೋ ಒಂದು ಮೇಜಿನ ಮುಂದೆ, ಆ ಚಿತ್ರಗಾರ ಕೊನೆಯ ಪುಟಕ್ಕೆ ಬಂದು ಕೂತಿರಬಹುದು. ಇಷ್ಟು ದುಃಖ ಯಾಕಪ್ಪಾ, ಎಳೇ ಹುಡುಗಿ, ಉಳಿಸಬಾರದೇ ಎಂದು ನಿಮ್ಮಲ್ಲಿ ಯಾರೋ ಅವನನ್ನು ಕೇಳುತ್ತಿರಬಹುದು. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತೀರಿ, ಗೊತ್ತು. ಅವಳೆಂದರೆ ನನಗೂ ಹೊಟ್ಟೆಯಲ್ಲಿ ಹುಟ್ಟಿದಷ್ಟು ಪ್ರೀತಿ. ಆದರೂ ಕೈ ಮುಗಿದು ಬೇಡುತ್ತೇನೆ, ಅವನನ್ನು ತಡೆಯಬೇಡಿ. ಚಿನ್ನಮ್ಮ ಬಾಗಿಲೊಳಗೇ ಉಳಿಯಲಿ. ನಮ್ಮ ನಲವತ್ತೊಂದು ಜನ ಹೊರಗೆ ಬಂದಿದ್ದಾರೆ.

ಹುಲಿಗೆಮ್ಮ