ಮುಟ್ಟಬೇಡಿ, ಇದು ನಾಳೆಯ ಕಾಡು

ಕಲೋತ್ಸವದ ನಿರ್ದೇಶಕರೇ,

'ನಾಳೆಯ ಕಾಡು' ಎಂದು ಹೆಸರಿಟ್ಟು ನಮ್ಮಲ್ಲಿಂದ ಒಯ್ದ ಮುನ್ನೂರ ಹನ್ನೆರಡು ಸಸಿಗಳಲ್ಲಿ ಮುನ್ನೂರ ಒಂದನ್ನು ನೀವು ಹತ್ತೇ ದಿನದಲ್ಲಿ ಕೊಂದಿದ್ದೀರಿ. ಕೊಂದದ್ದಕ್ಕೆ ನಿಮ್ಮ ತೀರ್ಪುಗಾರರು ಬಹುಮಾನವನ್ನೂ ಕೊಟ್ಟಿದ್ದಾರೆ. ಅಭಿನಂದನೆಗಳು.

ಅವು ನಗರಸಭೆಯ ನರ್ಸರಿಯ ಸಸಿಗಳು. ಅಲ್ಲಿ ಬೀಜ ಊರಿ ಬೆಳೆಸುವವಳು ನನ್ನಕ್ಕ, ನೀರು ಹಾಕುವವನು ನಾನು. ಮೂರು ವರ್ಷ ಸಾಕಿದ ಅವನ್ನು ಈ ಮಳೆಗಾಲಕ್ಕೆ ಶಾಲೆಯ ಹಿಂದಿನ ದಿಬ್ಬದ ಮೇಲೆ ನೆಡಬೇಕಿತ್ತು. ಹೋದ ವರ್ಷ ಆ ದಿಬ್ಬ ಜರಿದು ಮಣ್ಣು ತರಗತಿಯ ಕಿಟಕಿಯವರೆಗೆ ಬಂದಿತ್ತು. ಜನರಲ್ಲಿ ಪರಿಸರದ ಅರಿವು ಮೂಡಿಸುತ್ತೇವೆ, ಹತ್ತು ದಿನ ಕೊಡಿ ಎಂದಿರಿ. ಅಕ್ಕ ಸುತರಾಂ ಒಪ್ಪಲಿಲ್ಲ. "ದಿನಾ ನಾನೇ ಹೋಗಿ ನೀರು ಹಾಕ್ತೀನಿ, ಕೊಡಕ್ಕ" ಎಂದು ಒಪ್ಪಿಸಿದವನು ನಾನು.

ಮೊದಲ ದಿನ ಪೈಪು ಹಿಡಿದು ನಿಮ್ಮ ಪ್ರದರ್ಶನದ ಸಭಾಂಗಣಕ್ಕೆ ಬಂದೆ. ಸಸಿಗಳ ಸುತ್ತ ಹಗ್ಗ, ಮುಂದೊಂದು ಬೋರ್ಡು: 'ಕಲಾಕೃತಿ. ಮುಟ್ಟಬೇಡಿ.' ನಿಮ್ಮ ಸ್ವಯಂಸೇವಕಿ, "ಕಲಾವಿದ್ರೇ ನೋಡ್ಕೋತಾರೆ ಸರ್" ಎಂದಳು. ಬೋರ್ಡು ಕಂಡರೆ ಹೆದರುವ ನೌಕರ ನಾನು. 'ಪ್ರವೇಶವಿಲ್ಲ', 'ಉಗುಳಬೇಡಿ' ಎಲ್ಲವನ್ನೂ ಮೂವತ್ತು ವರ್ಷ ಪಾಲಿಸಿದವನು ಇದನ್ನೂ ಪಾಲಿಸಿದೆ. ಎಲೆ ಜೋತುಬಿದ್ದಾಗ ಮತ್ತೆ ಕೇಳಿದೆ. "ಬಾಡೋದೂ ಕೃತಿಯ ಭಾಗ ಸರ್." ಓದಿದವರು ಹೇಳುತ್ತಿದ್ದಾರೆ, ಇದ್ದರೂ ಇರಬಹುದು ಎಂದುಕೊಂಡೆನಲ್ಲ, ನನ್ನ ಬುದ್ಧಿಗೆ ಬೆಂಕಿ ಬೀಳಲಿ! ನಿಮ್ಮ ನರ್ತಕರು ನೂರು ವರ್ಷದಾಚೆಯ ಹಕ್ಕಿಗಳಾಗಿ ಆ ಸಸಿಗಳ ನಡುವೆ ನೀರಿಗೆಂದು ಬಾಯಿ ತೆರೆಯುತ್ತಿದ್ದರು. ಪಕ್ಕದಲ್ಲೇ ಪೈಪು ಹಿಡಿದು ನಿಂತವನು ಒಬ್ಬರ ಕಣ್ಣಿಗೂ ಬೀಳಲಿಲ್ಲ. ಮುಂದಿನ ಶತಮಾನದ ಬಿಸಿಲನ್ನು ಲೆಕ್ಕ ಹಾಕಿದವರಿಗೆ, ನಿಮ್ಮದೇ ದೀಪಗಳ ಕೆಳಗೆ ಒಂದು ಚೀಲ ಮಣ್ಣು ಎಷ್ಟು ಬೇಗ ಒಣಗುತ್ತದೆಂದು ತಿಳಿಯಲಿಲ್ಲವೇ?

ಕೊನೆಯ ದಿನ ಅಕ್ಕ ಬಂದಳು. ಬೋರ್ಡು ಓದಲಿಲ್ಲ. ಹಗ್ಗ ದಾಟಿ ಒಂದೊಂದು ಕಾಂಡವನ್ನೂ ಉಗುರಿನಿಂದ ಕೆರೆದು ನೋಡಿದಳು. ಸಿಪ್ಪೆಯ ಕೆಳಗೆ ಹಸಿರಿದ್ದರೆ ಜೀವವಿದೆ, ಕಂದಿದ್ದರೆ ಇಲ್ಲ. ಇದೂ ಪ್ರದರ್ಶನವೆಂದು ಜನ ಸುತ್ತ ಸೇರಿ ಫೋನು ಎತ್ತಿದರು. ಕೊನೆಯ ಸಸಿ ಮುಗಿಸಿ ಅವಳು ನೆಲದ ಮೇಲೆ ಕೂತು ಅತ್ತಾಗ ಚಪ್ಪಾಳೆ ಬಿತ್ತು. ನೀವೂ ತಟ್ಟಿದಿರಿ. ನಾನು ನೋಡಿದ್ದೇನೆ.

"ತಟ್ಟೋ ಕೈಯಲ್ಲಿ ಒಂದ್ ಚೊಂಬು ನೀರು ಹಾಕೋಕೆ ಏನಾಗಿತ್ರೋ ನಿಮ್ಗೆ?" ಎಂದಳು. ಅದಕ್ಕೂ ಚಪ್ಪಾಳೆ.

ಮರುದಿನ ನಿಮ್ಮ ಪತ್ರ ಬಂತು. ಮುಂದಿನ ವರ್ಷವೂ ಅಕ್ಕ ಬಂದು 'ಅಭಿನಯಿಸಬೇಕು' ಅಂತೆ. ಗಾಯದ ಮೇಲೆ ಬರೆ ಎಳೆಯುವುದನ್ನು ನಿಮ್ಮಿಂದ ಕಲಿಯಬೇಕು.

ಕ್ಷಮೆ ಬೇಡ, ಅದನ್ನೂ ವೇದಿಕೆ ಹತ್ತಿ ಕೇಳುತ್ತೀರಿ. ಬಹುಮಾನ ಹಿಂದಿರುಗಿಸಿ. ಸೋಮವಾರ ಬೆಳಿಗ್ಗೆ ಕ್ಯಾಮೆರಾ ಇಲ್ಲದೆ ನರ್ಸರಿಗೆ ಬನ್ನಿ. ಚೀಲಕ್ಕೆ ಮಣ್ಣು ತುಂಬಿ, ಬೀಜ ಊರಿ, ಮೂರು ವರ್ಷ ನೀರು ಹಾಕಿ. ಅಷ್ಟೂ ದಿನ ಆ ದಿಬ್ಬದ ಕೆಳಗೆ ಮಕ್ಕಳು ಪಾಠ ಕೇಳುತ್ತಾ ಕೂತಿರುತ್ತಾರೆ. ಹನ್ನೊಂದು ಸಸಿ ಬದುಕಿವೆ, ಅವಕ್ಕೂ ನೀವೇ ನೀರು ಹಾಕಬೇಕು. ಅಕ್ಕ ನನ್ನ ಕೈಗೆ ಪೈಪು ಕೊಡುತ್ತಿಲ್ಲ.

ಇಂತಿ,
ಹತ್ತು ದಿನ ಹಗ್ಗದಾಚೆ ನಿಂತಿದ್ದ ನೀರಿನವನು