ಕರಿ ಕುದುರೆಯ ಲಾಳ

ಕ್ರೋಯ್ಡನ್, ಮೇ 2003

ಚಿಗವ್ವನಿಗೆ ನಮಸ್ಕಾರ.

ಇದೇ 27ರ ಮಂಗಳವಾರ ಲೈಬ್ರರಿ ಕೆಲಸದ ಇಂಟರ್‌ವ್ಯೂ. ಮನೆಯಲ್ಲಿ ಕೂರಲಾಗದೆ ಇವತ್ತು ಬಡಾವಣೆಯ ಹಿಂದೆ ಕುದುರೆ ಸವಾರರಿಗೆಂದು ಬಿಟ್ಟ ದಾರಿಯಲ್ಲಿ ಎರಡು ಸುತ್ತು ನಡೆದೆ. ಮೊದಲ ಸುತ್ತಿನಲ್ಲೇ ಕೆಸರಿನಲ್ಲಿ ಲಾಳ ಸಿಕ್ಕಿತು. ‘ಕರಿ ಕುದುರಿ ಲಾಳ ಸಿಕ್ಕರ ಬಿಡಬ್ಯಾಡ’ ಅನ್ನುತ್ತಿದ್ದೆಯಲ್ಲ, ಯಾವ ಬಣ್ಣದ ಕುದುರೆಯದೋ, ಇಂಟರ್‌ವ್ಯೂಗೆ ಅದೃಷ್ಟವಾದೀತೆಂದು ಒರೆಸಿ ಬ್ಯಾಗಿಗೆ ಹಾಕಿಕೊಂಡೆ. ಎರಡನೆಯ ಸುತ್ತಿನಲ್ಲಿ ಒಬ್ಬ ಮುದುಕಿ ಕುಂಟುವ ಕುದುರೆಯನ್ನು ಹಿಡಿದುಕೊಂಡು ಹುಲ್ಲು ಕೆದಕುತ್ತಿದ್ದಳು. ಅದು ಕರಿ ಕುದುರೆಯೇ.

‘ಲಾಳ ಕಂಡೆಯಾ ಮಗೂ? ಮೊಳೆ ಉಳಿದಿದ್ದರೆ ಇನ್ನೊಂದು ಕುದುರೆಗೆ ಚುಚ್ಚುತ್ತೆ’ ಎಂದಳು.

ಇಲ್ಲವೆಂದು ತಲೆಯಾಡಿಸಿ ಇಪ್ಪತ್ತು ಹೆಜ್ಜೆ ಹೋದೆ. ಮನಸ್ಸು ತಡೆಯಲಿಲ್ಲ, ತಿರುಗಿ ಬಂದು ಕೊಟ್ಟುಬಿಟ್ಟೆ. ಅವಳು ಮೊಳೆಗಳನ್ನು ಮುಟ್ಟಿ ನೋಡಿ ಜೇಬಿಗಿಳಿಸಿದಳು.

ಕೆಮ್ಮು ಹೋಗಿದೆ, ಊಟ ಸೇರುತ್ತಿದೆ. ಮಂಗಳವಾರ ಲಾಳವಿಲ್ಲದೆ ಹೋಗುತ್ತೇನೆ. ಬೆಳಿಗ್ಗೆ ನೀನೇ ಒಂದು ದೀಪ ಹಚ್ಚು. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ಶೈಲಜಾ