ಗುಂಡಮ್ಮನಿಗೆ ಕೊಟ್ಟ ಮದ್ದು

ಮೃಗಾಲಯದ ಕ್ವಾರ್ಟರ್ಸ್
ಮಾರ್ಚ್ ೯, ಭಾನುವಾರ ಸಂಜೆ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಣ್ಣನ ಮನೆಯ ಮೆಟ್ಟಿಲನ್ನು ದಿನಕ್ಕೊಮ್ಮೆ ಹತ್ತಿ ಇಳಿದರೆ ಸಾಕು, ಮೊಮ್ಮಕ್ಕಳು ಕರೆದರೆಂದು ಕುಣಿಯಬೇಡ. ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಆದರೆ ಬೆಳಗ್ಗೆಯಿಂದ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೇನೆ.

ನಮ್ಮ ಆನೆ ಗುಂಡಮ್ಮ ಗೊತ್ತಲ್ಲ, ನಿನ್ನ ಕೊಡೆ ಕಿತ್ತುಕೊಂಡವಳು, ಈಗ ತುಂಬಿದ ಬಸುರಿ. ಅವಳ ಮುಂಗಾಲು ಕೀವುಗಟ್ಟಿ, ಇವತ್ತು ಮತ್ತಿನ ಮದ್ದು ಕೊಟ್ಟು ಕೊಯ್ಯದೆ ವಿಧಿ ಇರಲಿಲ್ಲ. ನಮ್ಮ ಹಿರಿಯ ಡಾಕ್ಟರು ಕುದುರೆಗೆ ಕೊಡುವ ಲೆಕ್ಕವನ್ನೇ ಆನೆಯ ತೂಕಕ್ಕೆ ತಕ್ಕಂತೆ ಏರಿಸಿ ಸಿರಿಂಜ್ ತುಂಬಿದ್ದರು. ಮೈ ದೊಡ್ಡದು ಅಂದ ಮಾತ್ರಕ್ಕೆ ತಿಂದದ್ದನ್ನು ಅರಗಿಸುವ ಒಳಗಿನ ಉರಿಯೂ ಅಷ್ಟೇ ಜೋರಾಗಿರುವುದಿಲ್ಲ ಅಮ್ಮಾ. ಇಲಿಯ ಮೈ ಧಗಧಗ ಉರಿಯುತ್ತೆ. ಬೇಗ ಬೆಳೆದು, ಬುಟ್ಟಿಗಟ್ಟಲೆ ಮರಿ ಹಾಕಿ, ಎರಡು ವರ್ಷಕ್ಕೆ ಆಟ ಮುಗಿಸುತ್ತೆ. ಆನೆಯದು ಸಣ್ಣ ಉರಿ. ಹತ್ತಿರ ಹತ್ತಿರ ಎರಡು ವರ್ಷ ಅದಕ್ಕೆ ಒಂದೇ ಒಂದು ಮರಿಯನ್ನು ಹೊರುವುದಕ್ಕೇ ಬೇಕು. ಮದ್ದೂ ಆ ಮೈಯಲ್ಲಿ ನಿಧಾನವಾಗಿಯೇ ಕರಗುತ್ತೆ. ಕುದುರೆ ಲೆಕ್ಕದಲ್ಲಿ ಕೊಟ್ಟರೆ ಉಸಿರೇ ನಿಂತೀತು.

ಎಲ್ಲರ ಎದುರು ಹಿರಿಯರ ಮಾತಿಗೆ ಅಡ್ಡ ಬರುವುದೆಂದರೆ ನನಗೆ ಭಯವೇ. ಆದರೂ ಅಡ್ಡ ನಿಂತು, ಅರ್ಧಕ್ಕೂ ಕಮ್ಮಿ ಸಾಕು ಅಂದೆ, ಕಾರಣವನ್ನೂ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ, "ಮದ್ದು ಸಾಲದೆ ಅವಳು ನಡುವೆ ಎದ್ದರೆ, ಕಾಲ ಬುಡದಲ್ಲಿ ಇರೋಳು ನೀನು" ಅಂದರು.

"ಇರ್ತೀನಿ ಸರ್" ಅಂದೆ.

ಕಮ್ಮಿಯೇ ಕೊಟ್ಟೆವು. ಗುಂಡಮ್ಮ ಗೋಡೆ ಕುಸಿದ ಹಾಗೆ ಮಲಗಿದಳು. ನಾನು ಪಾದದ ಹತ್ತಿರ ಕೂತು ಕೀವು ತೆಗೆಯುವಾಗ ಒಮ್ಮೆ ಕಾಲು ಅದುರಿತು, ನನ್ನ ಕೈ ನಿಂತಿತು. ಮಾವುತ ಅವಳ ಕಿವಿ ಸವರುತ್ತಾ, ಮುನಿದ ಹೆಂಡತಿಯನ್ನು ಒಲಿಸುವವನ ಹಾಗೆ ಏನೋ ಗೊಣಗುತ್ತಲೇ ಇದ್ದ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಯುಗ ಕಳೆದಂತಿತ್ತು. ಕಟ್ಟು ಕಟ್ಟಿ, ಮತ್ತನ್ನು ಇಳಿಸುವ ಸೂಜಿ ಚುಚ್ಚಿದ ಮೇಲೆ ತಡವರಿಸಿಕೊಂಡು ಎದ್ದಳು. ಹಿರಿಯರು ತಮ್ಮ ನೀರಿನ ಬಾಟಲಿ ನನ್ನ ಕಡೆ ಚಾಚಿದರು.

ಆದರೆ ಹೊಟ್ಟೆಯೊಳಗಿನದು ಆಮೇಲೆ ಮಿಸುಕಿಲ್ಲ. ನಿನ್ನೆವರೆಗೂ ಪಕ್ಕೆಯ ಮೇಲೆ ಕೈಯಿಟ್ಟರೆ ಒದೆತ ತಿಳಿಯುತ್ತಿತ್ತು. ಇದು ಹೋದರೆ, ಅವಳ ವಯಸ್ಸಿಗೆ ಇನ್ನೊಂದು ಅನುಮಾನವೇ. ಹಿರಿಯರೂ ಮಾವುತನೂ ಅವಳ ಪಕ್ಕದಲ್ಲೇ ಇದ್ದಾರೆ. ಕೂತಲ್ಲಿ ಕೂರಲಾಗದೆ ನಾನು ಇದನ್ನು ಬರೆಯುತ್ತಿದ್ದೇನೆ.

ಅಣ್ಣ ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಮಕ್ಕಳ ಕೆನ್ನೆಗೆ ಒಂದೊಂದು ಮುತ್ತು.

ನಿನ್ನ ಮೊಂಡು ಮಗಳು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಾವುತ ಓಡಿ ಬಂದು ಕರೆದ. ಹೋದರೆ, ಹಿರಿಯರು ಎರಡೂ ಅಂಗೈಯನ್ನು ಅವಳ ಪಕ್ಕೆಗೆ ಒತ್ತಿಕೊಂಡು ನಿಂತಿದ್ದರು. "ಇಲ್ಲಿ ಇಡು" ಅಂತ ಸರಿದು ಜಾಗ ಕೊಟ್ಟರು. ಒದೆಯುತ್ತಿದೆ ಅಮ್ಮಾ, ಜೋರಾಗಿ.